ಮೂಕಿ ಕಾಲದ ಯುದ್ಧಚಿತ್ರ ನೋಡುವುದು ಹೇಗೆ: ಹುಡುಕುವುದು, ಪ್ರತಿ ಆರಿಸುವುದು, ವೇಗ ಸರಿಮಾಡುವುದು

"ಮೊದಲ ಮಹಾಯುದ್ಧದ ಮೂಕಿ ಸಿನಿಮಾ ಒಂದನ್ನು ಹಾಕಿದೆ, ಹತ್ತು ನಿಮಿಷಕ್ಕೇ ಬಿಟ್ಟುಬಿಟ್ಟೆ. ಎಲ್ಲರೂ ಓಡೋಡಿ ನಡೀತಾರೆ, ಯಾರ ಮುಖವೂ ಕಾಣಲ್ಲ, ಹಿಂದೆ ಯಾವುದೋ ಪಿಯಾನೊ. ಇದರಲ್ಲಿ ಏನಿದೆ ಅಂತ ನೋಡಬೇಕು?" ಈ ಮಾತು ನನಗೆ ಒಂದಲ್ಲ ಒಂದು ರೂಪದಲ್ಲಿ ಕೇಳಿಬರುತ್ತಲೇ ಇದೆ. ಇನ್ನೂ ಎರಡು ಪ್ರಶ್ನೆ ಅದರ ಬೆನ್ನಿಗೇ ಬರುತ್ತವೆ: ಎಲ್ಲಿ ಸಿಗುತ್ತದೆ, ಸಿಕ್ಕರೂ ಪೂರ್ತಿ ಯಾಕೆ ಸಿಗುವುದಿಲ್ಲ? ಮೂರಕ್ಕೂ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ.

ಹತ್ತು ನಿಮಿಷಕ್ಕೆ ಎದ್ದುಹೋದವರನ್ನು ನಾನು ದೂರುವುದಿಲ್ಲ. ಅವರ ಕೈಗೆ ಸಿಕ್ಕಿದ್ದು ಬಹುಶಃ ನಕಲಿನ ನಕಲು. ಅದರಲ್ಲಿ ವೇಗ ತಪ್ಪಿರುತ್ತದೆ, ಅಂಚು ಕತ್ತರಿಸಿರುತ್ತದೆ, ಬಣ್ಣ ಹೋಗಿರುತ್ತದೆ. ಮೂಕಿ ಚಿತ್ರದ ವಿಷಯದಲ್ಲಿ ಯಾವ ಪ್ರತಿ ನೋಡುತ್ತೀರಿ ಎಂಬುದೇ ಅರ್ಧ ಸಿನಿಮಾ. ಅದಕ್ಕೇ ಈ ಲೇಖನದ ಬಹುಪಾಲು ಪ್ರತಿಯ ಬಗ್ಗೆಯೇ ಇದೆ.

ಮೊದಲು, ಇಷ್ಟು ಕಷ್ಟಪಟ್ಟು ಯಾಕೆ ನೋಡಬೇಕು ಎನ್ನುವವರಿಗೆ ಎರಡು ಮಾತು. ಈ ಸಿನಿಮಾಗಳನ್ನು ಮಾಡಿದವರಲ್ಲಿ ಬಹಳ ಜನ ಯುದ್ಧವನ್ನು ಮೈಮೇಲೆ ಅನುಭವಿಸಿದವರು. ಫ್ರೆಂಚ್ ನಿರ್ದೇಶಕ ಆಬೆಲ್ ಗಾನ್ಸ್ ಅವರ 1919ರ 'ಜಾಕ್ಯೂಸ್' ಚಿತ್ರದಲ್ಲಿ ('ನಾನು ಆರೋಪಿಸುತ್ತೇನೆ' ಎಂದರ್ಥ) ಸತ್ತ ಸೈನಿಕರು ಮಣ್ಣಿನಿಂದೆದ್ದು ಊರಿನ ಕಡೆ ನಡೆದುಬರುವ ದೃಶ್ಯವಿದೆ. ಆ ದೃಶ್ಯಕ್ಕೆ ವರ್ಡನ್ ರಣರಂಗದಿಂದ ರಜೆಯ ಮೇಲೆ ಬಂದಿದ್ದ ನಿಜವಾದ ಸೈನಿಕರನ್ನೇ ಗಾನ್ಸ್ ಬಳಸಿಕೊಂಡರು. ರಜೆ ಮುಗಿಸಿ ಮರಳಿದವರಲ್ಲಿ ಹೆಚ್ಚಿನವರು ಕೆಲವೇ ವಾರಗಳಲ್ಲಿ ತೀರಿಹೋದರು ಎಂದು ಅವರು ಮುಂದೆ ಹೇಳಿಕೊಂಡಿದ್ದಾರೆ. 'ದಿ ಬಿಗ್ ಪರೇಡ್' (1925) ಕಥೆ ಕೊಟ್ಟ ಲಾರೆನ್ಸ್ ಸ್ಟಾಲಿಂಗ್ಸ್ ಬೆಲ್ಲೋ ವುಡ್ ಕಾಳಗದಲ್ಲಿ ಗಾಯಗೊಂಡು ಕೊನೆಗೆ ಕಾಲನ್ನೇ ಕಳೆದುಕೊಂಡವರು. 'ವಿಂಗ್ಸ್' (1927) ನಿರ್ದೇಶಿಸಿದ ವಿಲಿಯಂ ವೆಲ್ಮನ್ ಫ್ರಾನ್ಸಿನ ಪರವಾಗಿ ಹಾರಾಡಿದ ವಿಮಾನಚಾಲಕ. 'ದಿ ಲಾಸ್ಟ್ ಬೆಟಾಲಿಯನ್' (1919) ಚಿತ್ರದಲ್ಲಂತೂ ಆರ್ಗಾನ್ ಕಾಡಿನಲ್ಲಿ ಶತ್ರುಗಳ ನಡುವೆ ಸಿಕ್ಕಿಬಿದ್ದು ಬದುಕಿ ಬಂದವರೇ ತಮ್ಮ ಪಾತ್ರಗಳನ್ನು ತಾವೇ ಮಾಡಿದ್ದಾರೆ. ಇಂಥ ಮುಖಗಳು ಮುಂದಿನ ಯಾವ ಯುದ್ಧಚಿತ್ರದಲ್ಲೂ ಸಿಗುವುದಿಲ್ಲ.

ಇನ್ನು ಅಪರೂಪ ಯಾಕೆ? 1912ರಿಂದ 1929ರವರೆಗೆ ಅಮೆರಿಕದಲ್ಲಿ ಸುಮಾರು 10,900 ಪೂರ್ಣಪ್ರಮಾಣದ ಮೂಕಿಗಳು ತೆರೆಕಂಡವು. ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅವುಗಳಲ್ಲಿ ಮೂಲರೂಪದಲ್ಲಿ ಪೂರ್ತಿ ಉಳಿದವು ಶೇ. 14 ಮಾತ್ರ. ಶೇ. 70ರಷ್ಟು ಪೂರ್ತಿ ಕಳೆದುಹೋಗಿವೆ. ಆಗಿನ ಫಿಲ್ಮು ಸೆಲ್ಯುಲೋಸ್ ನೈಟ್ರೇಟ್ ಎಂಬ ವಸ್ತುವಿನದು. ಬೇಗ ಕೊಳೆಯುತ್ತದೆ, ಬೆಂಕಿ ತಗುಲಿದರೆ ಆರಿಸಲು ಬರುವುದಿಲ್ಲ. 1937ರ ಜುಲೈನಲ್ಲಿ ನ್ಯೂಜೆರ್ಸಿಯ ಲಿಟ್ಲ್ ಫೆರಿಯಲ್ಲಿದ್ದ ಫಾಕ್ಸ್ ಕಂಪನಿಯ ಉಗ್ರಾಣ ಹೊತ್ತಿ ಉರಿದಾಗ ಆ ಕಂಪನಿಯ ಮೂಕಿಗಳಲ್ಲಿ ಬಹುಪಾಲು ಬೂದಿಯಾದವು. ಟಾಕಿ ಬಂದಮೇಲೆ ಮೂಕಿಗೆ ಬೆಲೆಯಿಲ್ಲದಾಯಿತು; ಫಿಲ್ಮಿನಲ್ಲಿದ್ದ ಬೆಳ್ಳಿಯ ಅಂಶಕ್ಕಾಗಿ ಎಷ್ಟೋ ಪ್ರಿಂಟುಗಳನ್ನು ಕರಗಿಸಿದರು. ಯುದ್ಧವೂ ಸಿನಿಮಾವನ್ನು ತಿಂದಿದೆ. 1917ರಲ್ಲಿ ಫ್ರೆಂಚ್ ಸೇನೆ ಸಿನಿಮಾದ ಆದಿಕಾಲದ ನಿರ್ದೇಶಕ ಜಾರ್ಜ್ ಮೆಲಿಯೆಸ್ ಅವರ ನೂರಾರು ಪ್ರಿಂಟುಗಳನ್ನು ವಶಪಡಿಸಿಕೊಂಡು ಬೆಳ್ಳಿ ತೆಗೆದು, ಉಳಿದ ಸೆಲ್ಯುಲಾಯ್ಡಿನಲ್ಲಿ ಬೂಟಿನ ಹಿಮ್ಮಡಿ ಮಾಡಿಸಿತು. ನಮ್ಮ ಪಾಡೂ ಬೇರೆಯಲ್ಲ. ಭಾರತದಲ್ಲಿ ತಯಾರಾದ ಸುಮಾರು 1,300 ಮೂಕಿಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ಟಾಕಿ ಕಾಲದ್ದಾದರೂ ನಮ್ಮ 'ಸತಿ ಸುಲೋಚನಾ' (1934) ಚಿತ್ರದ ಒಂದು ಪ್ರಿಂಟೂ ಉಳಿದಿಲ್ಲ ಎಂಬುದನ್ನು ನೆನೆದರೆ ಈ ನಷ್ಟದ ಅಳತೆ ಕನ್ನಡಿಗರಿಗೆ ಅರ್ಥವಾದೀತು.

ಬೇಕಾದ ಸಾಮಗ್ರಿ ಹೆಚ್ಚಿಲ್ಲ. ಒಂದು ಕಂಪ್ಯೂಟರು, ವೇಗ ಬದಲಾಯಿಸಲು ಬರುವ ವಿಎಲ್‌ಸಿಯಂಥ ಪ್ಲೇಯರು, ಒಳ್ಳೆಯ ಸ್ಪೀಕರು, ಎರಡೂವರೆ ಗಂಟೆ ಬಿಡುವು. ಮೊಬೈಲಿನಲ್ಲಿ ನೋಡಬೇಡಿ. ಮಾತಿಲ್ಲದ ಸಿನಿಮಾದಲ್ಲಿ ಕಣ್ಣು, ಹುಬ್ಬು, ಬೆರಳೇ ಮಾತು. ಅಂಗೈಯಗಲದ ಪರದೆಯಲ್ಲಿ ಅದು ಕೇಳಿಸುವುದಿಲ್ಲ.

1. ಶುರು ಮಾಡುವ ಕ್ರಮ

ವರ್ಷದ ಕ್ರಮದಲ್ಲಿ ನೋಡಲು ಹೋಗಬೇಡಿ, ಅಲ್ಲೇ ಬಹಳ ಜನ ಸೋಲುತ್ತಾರೆ. ನಾನು ಹೇಳುವ ಕ್ರಮ ಹೀಗಿದೆ.

ಮೊದಲು 'ವಿಂಗ್ಸ್'. ಆಸ್ಕರ್ ಪ್ರಶಸ್ತಿಯ ಮೊದಲ ವರ್ಷದಲ್ಲೇ ಅತ್ಯುತ್ತಮ ಚಿತ್ರವೆನಿಸಿಕೊಂಡದ್ದು ಇದು. ಸಮಾರಂಭ ನಡೆದದ್ದು 1929ರ ಮೇ 16ರಂದು. ಇದರ ವಿಮಾನದ ದೃಶ್ಯಗಳನ್ನು ಸ್ಟುಡಿಯೊದಲ್ಲಿ ಕೂತು ಮಾಡಿದ್ದಲ್ಲ. ಟೆಕ್ಸಾಸಿನ ಆಕಾಶದಲ್ಲಿ, ವಿಮಾನಕ್ಕೇ ಕ್ಯಾಮೆರಾ ಕಟ್ಟಿ ತೆಗೆದದ್ದು. ಬಿಳಿ ಮೋಡವಿಲ್ಲದ ಖಾಲಿ ಆಕಾಶದಲ್ಲಿ ವಿಮಾನದ ವೇಗ ಕಣ್ಣಿಗೆ ತಿಳಿಯುವುದಿಲ್ಲವೆಂದು ವೆಲ್ಮನ್ ಮೋಡಕ್ಕಾಗಿ ದಿನಗಟ್ಟಲೆ ಕಾದರು. ಬಹುಕಾಲ ಕಳೆದೇಹೋಯಿತೆಂದು ತಿಳಿದಿದ್ದ ಈ ಚಿತ್ರದ ಪ್ರತಿ ಪ್ಯಾರಿಸ್ಸಿನ ಸಿನೆಮಾಟೆಕ್ ಫ್ರಾನ್ಸೇಸ್ ಸಂಗ್ರಹದಲ್ಲಿ ಸಿಕ್ಕಿತು.

ಎರಡನೆಯದು 'ದಿ ಬಿಗ್ ಪರೇಡ್'. ನಿರ್ದೇಶಕ ಕಿಂಗ್ ವಿಡರ್. ಸೈನಿಕರು ಸಾಲಾಗಿ ಕಾಡಿನೊಳಗೆ ನಡೆಯುತ್ತ ಒಬ್ಬೊಬ್ಬರಾಗಿ ಬೀಳುವ ದೃಶ್ಯವನ್ನು ವಿಡರ್ ಮೆಟ್ರೊನೋಮ್ ಲೆಕ್ಕಕ್ಕೆ (ತಾಳದ ಗತಿ ತೋರಿಸುವ ಸಾಧನ) ಚಿತ್ರೀಕರಿಸಿದರು. ಡೋಲಿನ ಪೆಟ್ಟಿಗೆ ಒಂದೊಂದು ಹೆಜ್ಜೆ. ಆ ಪೆಟ್ಟು ಪರದೆಯಲ್ಲಿ ಕೇಳುವುದಿಲ್ಲ, ಆದರೆ ಅದು ನಡಿಗೆಯಲ್ಲಿ ಕಾಣುತ್ತದೆ. ಇದೊಂದು ದೃಶ್ಯ ನೋಡಿದಮೇಲೆ ಮೂಕಿಯಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ ಎಂಬುದು ನನ್ನ ನಂಬಿಕೆ.

ಮೂರನೆಯದಕ್ಕೆ ಚಾಪ್ಲಿನ್‌ರ ಮೂರು ರೀಲಿನ 'ಶೋಲ್ಡರ್ ಆರ್ಮ್ಸ್'. ಯುದ್ಧ ಇನ್ನೂ ನಡೆಯುತ್ತಿದ್ದ 1918ರ ಅಕ್ಟೋಬರಿನಲ್ಲಿ, ಕದನವಿರಾಮಕ್ಕೆ ಕೆಲವೇ ವಾರ ಮೊದಲು ಬಂದದ್ದು. ನೀರು ತುಂಬಿದ ಕಂದಕದಲ್ಲಿ ಮಲಗುವ ಕಷ್ಟವನ್ನು ನಗಿಸುತ್ತಲೇ ತೋರಿಸುತ್ತದೆ.

ಇವು ಮೂರೂ ಆದಮೇಲೆ 'ಜಾಕ್ಯೂಸ್'. ಎರಡೂಮುಕ್ಕಾಲು ಗಂಟೆಯದು, ನಿಧಾನದ್ದು, ನಡುವೆ ಪ್ರೇಮಕಥೆ ಎಳೆದಂತಾಗುತ್ತದೆ. ಎರಡು ರಾತ್ರಿಗೆ ಹಂಚಿಕೊಳ್ಳಿ. ಕೊನೆಗೆ ಬೆಲ್ಜಿಯಂನಲ್ಲಿ ಆಲ್ಫ್ರೆಡ್ ಮಾಷಾ ಮಾಡಿದ 'ಮೋದಿತ್ ಸ್ವಾ ಲಾ ಗೇರ್' (ಯುದ್ಧಕ್ಕೆ ಧಿಕ್ಕಾರ). ಇದನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣವಿದೆ. ಚಿತ್ರೀಕರಣ ನಡೆದದ್ದು 1913ರಲ್ಲಿ, ತೆರೆಕಂಡದ್ದು 1914ರಲ್ಲಿ, ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮೊದಲು. ಇಬ್ಬರು ಗೆಳೆಯರು, ಇಬ್ಬರೂ ವಿಮಾನಚಾಲಕರು, ಅವರ ದೇಶಗಳ ನಡುವೆ ಯುದ್ಧ. ಉಳಿದ ನಾಲ್ಕನ್ನೂ ನೋಡಿ ಬಂದವರಿಗೆ ಮಾತ್ರ ಈ ಪುಟ್ಟ ಚಿತ್ರದ ಮುನ್ಸೂಚನೆ ಎದೆಗೆ ತಾಗುತ್ತದೆ.

2. ಸಿನಿಮಾ ಉಳಿದಿದೆಯೇ ಎಂದು ಮೊದಲೇ ತಿಳಿದುಕೊಳ್ಳಿ

ಇಲ್ಲದ ಚಿತ್ರವನ್ನು ತಿಂಗಳುಗಟ್ಟಲೆ ಹುಡುಕಿದವರು ಬಹಳ. 'ದಿ ಕೈಸರ್, ದಿ ಬೀಸ್ಟ್ ಆಫ್ ಬರ್ಲಿನ್' (1918) ಪೂರ್ತಿ ಕಳೆದುಹೋಗಿದೆ. 'ದಿ ಬ್ಯಾಟಲ್ ಕ್ರೈ ಆಫ್ ಪೀಸ್' (1915) ಚಿತ್ರದ ಚೂರುಗಳಷ್ಟೇ ಉಳಿದಿವೆ. 'ವಿಂಗ್ಸ್' ಬೆನ್ನಿಗೇ ವೆಲ್ಮನ್ ಮಾಡಿದ 'ದಿ ಲೀಜನ್ ಆಫ್ ದಿ ಕಂಡೆಮ್ಡ್' (1928) ಕೂಡ ಇಲ್ಲ. ಲಿಲಿಯನ್ ಗಿಶ್ ನಟಿಸಿದ 'ದಿ ಎನಿಮಿ' (1927) ಉಳಿದಿದೆ, ಆದರೆ ಅದರ ಕೊನೆಯ ರೀಲು ಇಲ್ಲ. ಅಮೆರಿಕದ ಮೂಕಿಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಆನ್‌ಲೈನ್ ಪಟ್ಟಿಯಲ್ಲಿ ಹೆಸರು ಹಾಕಿ ನೋಡಿದರೆ ಯಾವ ಸಂಗ್ರಹದಲ್ಲಿ ಏನು ಉಳಿದಿದೆ ಎಂಬುದು ತಿಳಿಯುತ್ತದೆ.

ಒಂದು ಎಚ್ಚರಿಕೆ. ಕಳೆದುಹೋದ ಸಿನಿಮಾದ ಹೆಸರಿನಲ್ಲಿ ಯಾರೋ "ಪೂರ್ತಿ ಚಿತ್ರ" ಎಂದು ಹಾಕಿದ್ದರೆ, ಅದು ಬಹುತೇಕ ಬೇರೆ ಚಿತ್ರದ ತುಣುಕು ಅಥವಾ ಸ್ಥಿರಚಿತ್ರಗಳ ಜೋಡಣೆ. ಇನ್ನೊಂದು ಗೊಂದಲ ಒಂದೇ ಹೆಸರಿನದು. 'ಜಾಕ್ಯೂಸ್' ಅನ್ನು ಗಾನ್ಸ್ ಅವರೇ 1938ರಲ್ಲಿ ಟಾಕಿಯಾಗಿ ಮತ್ತೆ ಮಾಡಿದರು. 1926ರ 'ವಾಟ್ ಪ್ರೈಸ್ ಗ್ಲೋರಿ' 1952ರಲ್ಲಿ, 1921ರ 'ದಿ ಫೋರ್ ಹಾರ್ಸ್‌ಮೆನ್ ಆಫ್ ದಿ ಅಪೊಕ್ಯಾಲಿಪ್ಸ್' 1962ರಲ್ಲಿ ಮತ್ತೆ ಬಂದವು. ಹುಡುಕುವಾಗ ಹೆಸರಿನ ಪಕ್ಕದಲ್ಲಿ ವರ್ಷ ಹೊಡೆಯುವುದನ್ನು ಮರೆಯಬೇಡಿ.

3. ಒಳ್ಳೆಯ ಪ್ರತಿ ಹುಡುಕುವುದು

ಯೂಟ್ಯೂಬಿನಲ್ಲಿ ಮೊದಲು ಸಿಕ್ಕಿದ್ದನ್ನು ಒತ್ತಬೇಡಿ. ಒಂದೇ ಸಿನಿಮಾದ ನಾಲ್ಕೈದು ಪ್ರತಿಗಳಿರುತ್ತವೆ. ವಿವರಣೆಯಲ್ಲಿ ಯಾವ ಸಂಗ್ರಹಾಲಯದ ಪ್ರಿಂಟು, ಯಾವ ವರ್ಷದ ರಿಸ್ಟೊರೇಶನ್ (ಹಾಳಾದ ಫಿಲ್ಮನ್ನು ಚೌಕಟ್ಟು ಚೌಕಟ್ಟಾಗಿ ಸರಿಪಡಿಸುವ ಕೆಲಸ), ಸಂಗೀತ ಯಾರದು ಎಂದು ಬರೆದಿದ್ದರೆ ಅದನ್ನು ನಂಬಬಹುದು. ಏನೂ ಬರೆಯದೆ ದೊಡ್ಡಕ್ಷರದಲ್ಲಿ ಹೆಸರಷ್ಟೇ ಇದ್ದರೆ ಮುಂದೆ ಹೋಗಿ.

'ವಿಂಗ್ಸ್' ಆದರೆ 2012ರ ಪ್ಯಾರಾಮೌಂಟ್ ರಿಸ್ಟೊರೇಶನ್ ಹುಡುಕಿ. ಉರಿಯುತ್ತ ಬೀಳುವ ವಿಮಾನಗಳ ಬೆಂಕಿಗೆ ಮೂಲದಲ್ಲಿದ್ದ ಕಿತ್ತಳೆ ಬಣ್ಣ ಅದರಲ್ಲಿ ಮರಳಿ ಬಂದಿದೆ. 'ದಿ ಬಿಗ್ ಪರೇಡ್' ಆದರೆ 2013ರ ಬ್ಲೂರೇ. ಅದು ಕ್ಯಾಮೆರಾದ ಮೂಲ ನೆಗೆಟಿವ್‌ನಿಂದಲೇ ಮಾಡಿದ್ದು, ನೂರು ವರ್ಷ ಹಳೆಯದೆಂದು ನಂಬಲಾಗುವುದಿಲ್ಲ. 'ಜಾಕ್ಯೂಸ್' ಆದರೆ ಲಾಬ್‌ಸ್ಟರ್ ಫಿಲ್ಮ್ಸ್ ಮತ್ತು ಡಚ್ ಫಿಲ್ಮ್ ಸಂಗ್ರಹಾಲಯ ಕೂಡಿ ಸಿದ್ಧಪಡಿಸಿದ, ಫ್ಲಿಕರ್ ಆಲಿ ಸಂಸ್ಥೆ 2008ರಲ್ಲಿ ಹೊರತಂದ ಡಿವಿಡಿ.

ದುಡ್ಡಿಲ್ಲದೆ ನೋಡಲು ಇಂಟರ್ನೆಟ್ ಆರ್ಕೈವ್ ಇದೆ. ಯುರೋಪಿನ ಸಂಗ್ರಹಾಲಯಗಳು ಮೊದಲ ಮಹಾಯುದ್ಧದ ನೂರನೇ ವರ್ಷದ ಹೊತ್ತಿಗೆ ಆ ಕಾಲದ ಚಿತ್ರಗಳನ್ನು ನೂರಾರು ಗಂಟೆಗಳಷ್ಟು ಡಿಜಿಟಲ್ ಮಾಡಿ 'ಯುರೋಪಿಯನ್ ಫಿಲ್ಮ್ ಗೇಟ್‌ವೇ' ತಾಣದಲ್ಲಿ ಒಟ್ಟುಗೂಡಿಸಿವೆ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ತಾಣದಲ್ಲೂ ಹುಡುಕಿ. ಅದರ ಸಂಗ್ರಹದಲ್ಲಿ ಪ್ಯಾಲೆಸ್ತೀನ್ ರಣರಂಗದ ಚಿತ್ರೀಕರಣವಿದೆ. 1917ರ ಡಿಸೆಂಬರಿನಲ್ಲಿ ಬ್ರಿಟಿಷ್ ಜನರಲ್ ಅಲೆನ್‌ಬಿ ಜೆರುಸಲೇಮಿನೊಳಗೆ ನಡೆದುಹೋದದ್ದು ಅದರಲ್ಲಿ ಪ್ರಸಿದ್ಧ. ಮುಂದಿನ ವರ್ಷ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆ ಮೇಲೆ ನುಗ್ಗಿ ಹೈಫಾ ಗೆದ್ದದ್ದು ಇದೇ ಸೇನಾಪತಿಯ ಕೈಕೆಳಗೆ. ನಮ್ಮವರು ಹೋರಾಡಿದ ನೆಲ ಆಗ ಹೇಗಿತ್ತೆಂದು ನೋಡಲು ಇದಕ್ಕಿಂತ ಹತ್ತಿರದ ದಾರಿಯಿಲ್ಲ.

ಕೆಲವು ವಿದೇಶಿ ತಾಣಗಳು ಭಾರತದಲ್ಲಿ ತೆರೆಯುವುದಿಲ್ಲ. ಆಗ ಪ್ರತಿಗಾಗಿ ಗೊತ್ತುಗುರಿಯಿಲ್ಲದ ತಾಣಗಳಿಗೆ ಹೋಗಿ ಏನೇನೋ ಇಳಿಸಿಕೊಳ್ಳಬೇಡಿ. ಕಾದರೆ ಒಳ್ಳೆಯ ಪ್ರತಿ ಇನ್ನೆಲ್ಲೋ ಬರುತ್ತದೆ.

ಇತ್ತೀಚೆಗೆ ಹೆಚ್ಚಾಗಿರುವ ಇನ್ನೊಂದು ಕಾಟ: ಕೃತಕ ಬುದ್ಧಿಮತ್ತೆಯಿಂದ ಬಣ್ಣ ಬಳಿದು, ಚೌಕಟ್ಟುಗಳ ನಡುವೆ ಹೊಸ ಚೌಕಟ್ಟು ತುಂಬಿ "ನಯ" ಮಾಡಿದ ಪ್ರತಿಗಳು. ಅವುಗಳಲ್ಲಿ ಸೈನಿಕನ ಮುಖ ಮೇಣದ ಹಾಗೆ ಕರಗುತ್ತದೆ, ಹಿಂದಿನ ಮರದ ಕೊಂಬೆ ಅಲೆಯಾಡುತ್ತದೆ. ಇಲ್ಲದ್ದನ್ನು ಯಂತ್ರ ಊಹಿಸಿ ಬಿಡಿಸಿದ್ದದು. ಕಣ್ಣಿಗೆ ಎಷ್ಟು ಹಿತವಾದರೂ ಬಿಟ್ಟುಬಿಡಿ.

4. ಉದ್ದ ಮತ್ತು ವೇಗ: ಇಲ್ಲಿ ಎಡವದವರಿಲ್ಲ

ಮೂಕಿ ಕಾಲದ ಕ್ಯಾಮೆರಾವನ್ನು ಹೆಚ್ಚಾಗಿ ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ 16ರಿಂದ 20 ಫ್ರೇಮು (ಒಂದು ಫ್ರೇಮು ಎಂದರೆ ಒಂದು ಸ್ಥಿರಚಿತ್ರ) ಸಾಮಾನ್ಯ. ಟಾಕಿ ಬಂದಮೇಲೆ ವೇಗ 24ಕ್ಕೆ ನಿಂತಿತು. 16ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಮನುಷ್ಯರು ಒಂದೂವರೆ ಪಟ್ಟು ಬೇಗ ನಡೆಯುತ್ತಾರೆ. ಮೂಕಿ ಎಂದರೆ ಕುಪ್ಪಳಿಸುವ ಜನ ಎಂಬ ಭಾವನೆ ಹುಟ್ಟಿದ್ದೇ ಇದರಿಂದ.

ಪರೀಕ್ಷೆ ಹೀಗೆ ಮಾಡಿ. ನಟರನ್ನು ನೋಡಬೇಡಿ, ಅವರು ಬೇಕೆಂದೇ ಚುರುಕಾಗಿ ಚಲಿಸಿರಬಹುದು. ಹೊಗೆ, ನೀರು, ಗಾಳಿಗೆ ಆಡುವ ಬಾವುಟ, ಕುದುರೆ ಬಾಲ ಇವನ್ನು ನೋಡಿ. ಹೊಗೆ ಪಟಪಟನೆ ಮೇಲೆದ್ದು ಚದುರಿದರೆ ವೇಗ ತಪ್ಪಿದೆ. ವಿಎಲ್‌ಸಿಯಲ್ಲಿ ವೇಗ ಇಳಿಸಿ: 16 ಫ್ರೇಮಿನ ಚಿತ್ರಕ್ಕೆ 0.67, 18ರದ್ದಕ್ಕೆ 0.75, 20ರದ್ದಕ್ಕೆ 0.83. ಯೂಟ್ಯೂಬಿನ ಸೆಟ್ಟಿಂಗಿನಲ್ಲಿ 0.75 ಸಿಗುತ್ತದೆ, ಬಹಳಷ್ಟಕ್ಕೆ ಅದೇ ಸಾಕು. ವೇಗ ಇಳಿಸಿದಾಗ ಸಂಗೀತ ಎಳೆದಾಡುತ್ತದೆ, ಅದನ್ನು ಮ್ಯೂಟ್ ಮಾಡಿ.

ಎಲ್ಲವನ್ನೂ ನಿಧಾನ ಮಾಡುವುದೂ ತಪ್ಪೇ. ಒಳ್ಳೆಯ ರಿಸ್ಟೊರೇಶನ್‌ಗಳಲ್ಲಿ ಈ ಲೆಕ್ಕ ಮೊದಲೇ ಆಗಿರುತ್ತದೆ. 1920ರ ದಶಕದ ಕೊನೆಯ ಹೊತ್ತಿಗೆ ವೇಗವೂ 24ರ ಹತ್ತಿರ ಬಂದಿತ್ತು. ಅದಕ್ಕೇ 'ವಿಂಗ್ಸ್' ಮೇಲೆ ಕೈಯಿಡಬೇಡಿ. 'ಶೋಲ್ಡರ್ ಆರ್ಮ್ಸ್' ಚಿತ್ರದ 1959ರ ಮರುಬಿಡುಗಡೆ ಪ್ರತಿಯಲ್ಲಿ ವೇಗ ಸರಿದೂಗಿಸಲು ನಡುನಡುವೆ ಫ್ರೇಮುಗಳನ್ನು ಎರಡೆರಡು ಸಲ ಮುದ್ರಿಸಿದ್ದಾರೆ. ಚಲನೆ ಸ್ವಲ್ಪ ತೊದಲಿದಂತೆ ಕಂಡರೆ ನಿಮ್ಮ ಕಂಪ್ಯೂಟರಿನ ದೋಷವಲ್ಲ.

ಪ್ರತಿ ಪೂರ್ತಿ ಇದೆಯೇ ಎಂದು ತಿಳಿಯಲು ರೀಲಿನ ಲೆಕ್ಕ ಗೊತ್ತಿರಲಿ. ಒಂದು ರೀಲು ಎಂದರೆ ಹೆಚ್ಚೆಂದರೆ 1,000 ಅಡಿ ಫಿಲ್ಮು, ಅಡಿಗೆ 16 ಫ್ರೇಮು. ಸೆಕೆಂಡಿಗೆ 16ರಂತೆ ಓಡಿಸಿದರೆ ರೀಲಿಗೆ ಸುಮಾರು 17 ನಿಮಿಷ, 24ರಂತಾದರೆ 11 ನಿಮಿಷ. 5 ರೀಲಿನ ಚಿತ್ರ 18ರಂತೆ ಓಡಿದರೆ ಸುಮಾರು 74 ನಿಮಿಷ. ನಿಮ್ಮ ಪ್ರತಿ ಸರಿಯಾದ ವೇಗದಲ್ಲೂ 40 ನಿಮಿಷಕ್ಕೆ ಮುಗಿದರೆ ಅದರಲ್ಲಿ ಅರ್ಧ ಕಥೆ ಇಲ್ಲ. ವೇಗ ನೋಡದೆ ಬರೀ ನಿಮಿಷ ಹೋಲಿಸಿದರೆ ಮಾತ್ರ ಮೋಸಹೋಗುತ್ತೀರಿ: ಒಂದೇ ಚಿತ್ರದ ಎರಡು ಪೂರ್ಣ ಪ್ರತಿಗಳ ನಡುವೆ ಇಪ್ಪತ್ತು ನಿಮಿಷ ವ್ಯತ್ಯಾಸ ಬರಬಹುದು.

5. ಬಣ್ಣ, ಬರಹ, ಸಂಗೀತ

ಮೂಕಿಗಳು ಕಪ್ಪುಬಿಳುಪು ಎಂಬುದು ಅರ್ಧ ಸತ್ಯ. ಫಿಲ್ಮನ್ನು ಬಣ್ಣದ ದ್ರಾವಣದಲ್ಲಿ ಅದ್ದುತ್ತಿದ್ದರು, ಇದಕ್ಕೆ ಟಿಂಟಿಂಗ್ ಎನ್ನುತ್ತಾರೆ. ರಾತ್ರಿಗೆ ನೀಲಿ, ದೀಪದ ಬೆಳಕಿಗೆ ಹಳದಿ, ಬೆಂಕಿಗೆ ಕೆಂಪು. ಇದು ಗೊತ್ತಿಲ್ಲದೆ ನೋಡಿದರೆ ಕಥೆಯೇ ತಪ್ಪಿಹೋಗುತ್ತದೆ. ಆಗ ರಾತ್ರಿಯ ದೃಶ್ಯವನ್ನೂ ಹಗಲಲ್ಲೇ ತೆಗೆಯುತ್ತಿದ್ದರು. ನೀಲಿ ಹೋದ ಪ್ರತಿಯಲ್ಲಿ ಸೈನಿಕ ನಟ್ಟನಡು ಹಗಲಲ್ಲಿ ಕಳ್ಳಹೆಜ್ಜೆ ಇಟ್ಟಂತೆ ಕಾಣುತ್ತದೆ. ಮಾಷಾ ಅವರ ಚಿತ್ರದ್ದು ಇನ್ನೂ ಸೂಕ್ಷ್ಮ ಕೆಲಸ. ಅಚ್ಚುಹಾಳೆ ಕತ್ತರಿಸಿ, ಸಮವಸ್ತ್ರಕ್ಕೊಂದು ಹೊಲಕ್ಕೊಂದು ಎಂದು ಬೇರೆಬೇರೆ ಬಣ್ಣ ಕೂಡಿಸಿದ್ದಾರೆ.

ದೃಶ್ಯಗಳ ನಡುವೆ ಬರುವ ಬರಹದ ಫಲಕಗಳನ್ನು ಇಂಟರ್‌ಟೈಟಲ್ ಎನ್ನುತ್ತಾರೆ. ಆಗ ಒಂದೊಂದು ದೇಶಕ್ಕೆ ಇವನ್ನು ಬೇರೆ ಬರೆಸಿ, ಕೆಲವೊಮ್ಮೆ ಕಥೆಯ ಕೊನೆಯನ್ನೇ ತಿದ್ದಿ ಕಳಿಸುತ್ತಿದ್ದರು.

ಸಂಗೀತದ ವಿಷಯದಲ್ಲಿ ಜಿಪುಣತನ ಬೇಡ. ಈ ಚಿತ್ರಗಳನ್ನು ದೊಡ್ಡ ಊರುಗಳಲ್ಲಿ ಇಡೀ ವಾದ್ಯವೃಂದದೊಂದಿಗೆ ತೋರಿಸುತ್ತಿದ್ದರು. 'ವಿಂಗ್ಸ್' ರಿಸ್ಟೊರೇಶನ್‌ನಲ್ಲಿ ಜೆ. ಎಸ್. ಝಮೆಚ್ನಿಕ್ ಆಗಲೇ ಬರೆದ ಸಂಗೀತವನ್ನು ಮತ್ತೆ ನುಡಿಸಿದ್ದಾರೆ. 'ದಿ ಬಿಗ್ ಪರೇಡ್'ಗೆ ಕಾರ್ಲ್ ಡೇವಿಸ್ ಮಾಡಿದ ಸಂಗೀತವಿರುವ ಪ್ರತಿಯನ್ನೇ ಹಿಡಿಯಿರಿ. ಸಂಬಂಧವಿಲ್ಲದ ಪಿಯಾನೊ ತುಣುಕನ್ನೇ ಸುತ್ತಿಸುತ್ತಿದ್ದರೆ ಮ್ಯೂಟ್ ಮಾಡಿ, ಮೌನದಲ್ಲೇ ನೋಡಿ.

6. ನಿಜ ಯಾವುದು, ಕಟ್ಟಿದ್ದು ಯಾವುದು

ಇಂಟರ್ನೆಟ್ಟಿನಲ್ಲಿ "ಮೊದಲ ಮಹಾಯುದ್ಧದ ನಿಜ ದೃಶ್ಯ" ಎಂದು ಓಡಾಡುವ ತುಣುಕುಗಳಲ್ಲಿ ಕಥಾಚಿತ್ರದವೂ ಸೇರಿರುತ್ತವೆ. ಕಣ್ಣು ಪಳಗಿಸಿಕೊಳ್ಳಲು 'ದಿ ಬ್ಯಾಟಲ್ ಆಫ್ ದಿ ಸೋಮ್' (1916) ನೋಡಿ. ಇದು ಕಥಾಚಿತ್ರವಲ್ಲ; ಜಿಯೊಫ್ರಿ ಮಲಿನ್ಸ್, ಜಾನ್ ಮ್ಯಾಕ್‌ಡೊವೆಲ್ ಎಂಬಿಬ್ಬರು ಫ್ರಾನ್ಸಿನ ರಣರಂಗದಲ್ಲಿ ತೆಗೆದದ್ದು. ಬ್ರಿಟನ್ನಿನಲ್ಲಿ ಆರೇ ವಾರದಲ್ಲಿ ಸುಮಾರು 2 ಕೋಟಿ ಟಿಕೆಟ್ ಮಾರಾಟವಾದವು. ಯುನೆಸ್ಕೊ 2005ರಲ್ಲಿ ಇದನ್ನು ಜಗತ್ತಿನ ಸ್ಮೃತಿ ಪಟ್ಟಿಗೆ ಸೇರಿಸಿತು. ಆದರೆ ಇದರಲ್ಲೇ ಅತ್ಯಂತ ಪ್ರಸಿದ್ಧವಾದ ತುಣುಕು, ಸೈನಿಕರು ಕಂದಕದಿಂದ ಹತ್ತಿ ಹೊಗೆಯೊಳಗೆ ಮರೆಯಾಗುವುದು, ರಣರಂಗದ ಹಿಂದಿನ ತರಬೇತಿ ನೆಲೆಯಲ್ಲಿ ಮಾಡಿಸಿದ್ದು. ಗಮನಿಸಿ: ಕಂದಕ ಆಳವಿಲ್ಲ, ಮುಂದೆ ಮುಳ್ಳುತಂತಿ ಇಲ್ಲ, ಸೈನಿಕರ ಬೆನ್ನ ಮೇಲೆ ಭಾರದ ಚೀಲವಿಲ್ಲ. ಕ್ಯಾಮೆರಾ ಇದ್ದ ಜಾಗವನ್ನೂ ಯೋಚಿಸಿ. ಗುಂಡು ಹಾರುವಾಗ ಅಲ್ಲಿ ಒಬ್ಬ ಮನುಷ್ಯ ನಿಂತು ಹಿಡಿಕೆ ತಿರುಗಿಸಲು ಸಾಧ್ಯವಿತ್ತೇ ಎಂದು ಕೇಳಿಕೊಂಡರೆ ಅರ್ಧ ಉತ್ತರ ಸಿಕ್ಕಿತು. ಗಾಯಾಳುಗಳನ್ನು ಹೊತ್ತು ತರುವುದು, ಕ್ಯಾಮೆರಾ ಕಂಡು ಬೆರಗಾಗಿ ತಿರುಗುವ ಮುಖಗಳು, ಅವು ನಿಜ.

ಯುದ್ಧ ನಡೆಯುತ್ತಿದ್ದಾಗಲೇ ತಯಾರಾದ ಕಥಾಚಿತ್ರಗಳನ್ನು ಇನ್ನೊಂದು ಎಚ್ಚರದಿಂದ ನೋಡಬೇಕು. ಅಮೆರಿಕದ ನಿರ್ದೇಶಕ ಗ್ರಿಫಿತ್ ಅವರ 'ಹಾರ್ಟ್ಸ್ ಆಫ್ ದಿ ವರ್ಲ್ಡ್' (1918) ಬ್ರಿಟಿಷ್ ಸರ್ಕಾರದ ಬೆಂಬಲದಿಂದ ಆದದ್ದು. ಅದೇ ವರ್ಷದ 'ದಿ ಹಾರ್ಟ್ ಆಫ್ ಹ್ಯುಮ್ಯಾನಿಟಿ'ಯಲ್ಲಿ ಜರ್ಮನ್ ಅಧಿಕಾರಿ ಅಳುವ ಕೂಸನ್ನು ಕಿಟಕಿಯಿಂದ ಎಸೆಯುತ್ತಾನೆ. ಇವು ದ್ವೇಷ ಬಿತ್ತಲೆಂದೇ ಮಾಡಿದ ದೃಶ್ಯಗಳು. ಬಿಡಿ ಎನ್ನುವುದಿಲ್ಲ, ಆದರೆ ಹದಿಹರೆಯದವರ ಜೊತೆ ನೋಡುವುದಾದರೆ ಮೊದಲೇ ಇದನ್ನು ಹೇಳಿ ಕೂರಿಸಿ.

7. ನಾಲ್ಕು ಜನರಿಗೆ ತೋರಿಸುವುದಾದರೆ

ಭಾರತದಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾಗಿ 60 ವರ್ಷದವರೆಗೆ, ಅಮೆರಿಕದಲ್ಲಿ ಆ ಕಾಲದ ಚಿತ್ರಗಳಿಗೆ 95 ವರ್ಷ. 'ದಿ ಬಿಗ್ ಪರೇಡ್' 2021ರಲ್ಲಿ, 'ವಿಂಗ್ಸ್' 2023ರಲ್ಲಿ ಅಲ್ಲೂ ಮುಕ್ತವಾದವು. ಹೊಸದಾಗಿ ಸೇರಿಸಿದ ಸಂಗೀತಕ್ಕೆ ಮಾತ್ರ ಬೇರೆ ಹಕ್ಕಿರುತ್ತದೆ. ಶಾಲೆಯಲ್ಲೋ ಸಂಘದಲ್ಲೋ ತೋರಿಸುವ ಮುನ್ನ ಆ ಡಿಸ್ಕ್ ಹೊರತಂದವರಿಗೆ ಒಂದು ಪತ್ರ ಬರೆದು ಕೇಳಿ.

ಇಂಗ್ಲಿಷ್ ಓದಲು ಬಾರದ ಹಿರಿಯರಿದ್ದರೆ ಫಲಕ ಬಂದಾಗ ಒಬ್ಬರು ಎದ್ದುನಿಂತು ಕನ್ನಡದಲ್ಲಿ ಹೇಳಲಿ. ನಮ್ಮ ದೇಶದ ಮೂಕಿ ಟೆಂಟುಗಳಲ್ಲೂ ಹೀಗೆ ಓದಿ ಹೇಳುವವರಿರುತ್ತಿದ್ದರು. ಮೊದಲೇ ಫಲಕಗಳನ್ನೆಲ್ಲ ಬರೆದಿಟ್ಟುಕೊಂಡು ಅಭ್ಯಾಸ ಮಾಡಿ, ಫಲಕ ಮುಗಿದ ಕೂಡಲೇ ಮಾತು ನಿಲ್ಲಿಸಿ. ಮುಖಗಳ ಮೇಲೆ ಮಾತಾಡಬಾರದು.

8. ಮನೆಯ ಅಟ್ಟದಲ್ಲಿ ಹಳೆಯ ರೀಲು ಸಿಕ್ಕರೆ

ಅಜ್ಜ ಟೆಂಟ್ ಸಿನಿಮಾ ನಡೆಸುತ್ತಿದ್ದರು, ಡಬ್ಬಿಗಳಿವೆ, ಏನು ಮಾಡಲಿ ಎಂದು ಕೇಳುವವರಿದ್ದಾರೆ. ಫಿಲ್ಮಿನ ಅಗಲ 35 ಮಿಲಿಮೀಟರ್ ಇದ್ದು, 1950ರ ದಶಕದ ಆರಂಭಕ್ಕಿಂತ ಹಳೆಯದಾಗಿದ್ದರೆ ಅದು ನೈಟ್ರೇಟ್ ಎಂದೇ ತಿಳಿದು ನಡೆದುಕೊಳ್ಳಿ. ಅಂಚಿನಲ್ಲಿ ಇಂಗ್ಲಿಷಿನಲ್ಲಿ 'ನೈಟ್ರೇಟ್' ಎಂದು ಅಚ್ಚಾಗಿರಬಹುದು. 16 ಮಿಲಿಮೀಟರಿನದು ಸಾಮಾನ್ಯವಾಗಿ ಸುರಕ್ಷಿತ ಫಿಲ್ಮು. ಹುಳಿ ವಿನೆಗರ್ ವಾಸನೆ ಬಂದರೆ ಅದು ಅಸಿಟೇಟ್ (ಸುರಕ್ಷಿತ ಫಿಲ್ಮಿನ ವಸ್ತು), ಕೊಳೆಯುತ್ತಿದೆ, ಆದರೆ ನೈಟ್ರೇಟಿನಂತೆ ಹೊತ್ತಿಕೊಳ್ಳುವುದಿಲ್ಲ.

ನೈಟ್ರೇಟ್ ಉರಿಯುವಾಗ ತನಗೆ ಬೇಕಾದ ಆಮ್ಲಜನಕವನ್ನು ತಾನೇ ಬಿಡುತ್ತದೆ; ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. ಹೊಗೆ ವಿಷ. ಕೊಳೆತ ರೀಲು ಬೇಸಗೆಯ ಬಿಸಿಗೇ ಹೊತ್ತಿಕೊಳ್ಳಬಲ್ಲದು, ರಾಯಚೂರು ಕಲಬುರಗಿ ಕಡೆಯವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2003ರ ಜನವರಿಯಲ್ಲಿ ಪುಣೆಯಲ್ಲಿ ಇಂಥ ನೈಟ್ರೇಟ್ ದಾಸ್ತಾನಿಗೇ ಬೆಂಕಿ ಬಿದ್ದು ನಮ್ಮ ಎಷ್ಟೋ ಹಳೆಯ ಚಿತ್ರಗಳ ಮೂಲ ಪ್ರತಿಗಳು ಹೋದವು.

ಆದ್ದರಿಂದ ರೀಲನ್ನು ಪ್ರೊಜೆಕ್ಟರಿಗೆ ಹಾಕಬೇಡಿ. ದೀಪಕ್ಕೆ ಹಿಡಿದು ನೋಡಬೇಡಿ, ಒಂದು ತುಂಡು ಕತ್ತರಿಸಿ ಸುಟ್ಟು ಪರೀಕ್ಷಿಸಬೇಡಿ. ಡಬ್ಬಿಯನ್ನು ಅಟ್ಟದಿಂದ ಇಳಿಸಿ, ಮಲಗುವ ಕೋಣೆ ಅಡುಗೆಮನೆಗಳಿಂದ ದೂರ, ಗಾಳಿಯಾಡುವ ತಂಪು ನೆರಳಲ್ಲಿಡಿ. ಫಿಲ್ಮು ಅಂಟಂಟಾಗಿದ್ದರೆ ಅಥವಾ ಡಬ್ಬಿಯಲ್ಲಿ ಕಂದು ಪುಡಿ ಕಂಡರೆ ಮುಟ್ಟದೆ ಅಗ್ನಿಶಾಮಕ ದಳಕ್ಕೆ ತಿಳಿಸಿ. ಚೆನ್ನಾಗಿದ್ದರೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೋ ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್‌ಗೋ ಬರೆಯಿರಿ. ಅಂಚೆಯಲ್ಲಾಗಲಿ ಬಸ್ಸಿನಲ್ಲಾಗಲಿ ಕಳಿಸಬೇಡಿ, ಅವರು ಹೇಳುವವರೆಗೆ ಕಾಯಿರಿ. ಪತ್ರದ ಜೊತೆ ಡಬ್ಬಿಯ ಹೊರಗಿನ ಫೋಟೋ, ಚೀಟಿಯ ಮೇಲಿನ ಬರಹ, ಡಬ್ಬಿಗಳ ಎಣಿಕೆ, ಅಜ್ಜ ಯಾವ ಊರುಗಳಲ್ಲಿ ಟೆಂಟು ಹಾಕುತ್ತಿದ್ದರೆಂಬ ವಿವರ ಇರಲಿ. ಡಬ್ಬಿ ತುಕ್ಕು ಹಿಡಿದು ಬದಲಾಯಿಸಬೇಕಾಗಿ ಬಂದರೂ ಹಳೆಯ ಚೀಟಿಯನ್ನು ಎಸೆಯಬೇಡಿ. ಒಳಗಿನ ಮೊದಲ ಕೆಲವು ಅಡಿ ಹಾಳಾಗಿದ್ದರೆ ಸಿನಿಮಾ ಯಾವುದೆಂದು ಗುರುತಿಸಲು ಅದೊಂದೇ ದಾರಿ.